ಇಂಗ್ಲಿಷ್ ಚಿಕಿತ್ಸಾ ಮಾರ್ಗಸೂಚಿಯನ್ನು ರಷ್ಯನ್ನಿಗೆ ತರುವಾಗ ಶಿಫಾರಸಿನ ತೂಕ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ನೀವು ಕೇಳಿದ್ದು ಇಷ್ಟು: ತಜ್ಞರ ಸಮಿತಿಯ ಇಂಗ್ಲಿಷ್ ಶಿಫಾರಸುಗಳಲ್ಲಿ ಬರುವ ‘ರೆಕಮೆಂಡ್’, ‘ಸಜೆಸ್ಟ್’, ‘ಶುಡ್’, ‘ಕನ್ಸಿಡರ್’ ಎಲ್ಲಕ್ಕೂ ರಷ್ಯನ್ನಿನಲ್ಲಿ ‘ರೆಕಮೆಂದುಯೆತ್ಸ’ (‘ಶಿಫಾರಸು ಮಾಡಲಾಗುತ್ತದೆ’) ಎಂದೇ ಹಾಕಿದರೆ ತಪ್ಪೇನು? ತಪ್ಪಿದೆ, ಸಣ್ಣದಲ್ಲ. ‘ಈ ಔಷಧ ಕೊಡಿ’ ಎನ್ನುವುದಕ್ಕೂ ‘ಕೊಡುವುದೋ ಬೇಡವೋ ರೋಗಿಯ ಜೊತೆ ಮಾತಾಡಿ ನಿರ್ಧರಿಸಿ’ ಎನ್ನುವುದಕ್ಕೂ ಇರುವ ಅಂತರವೇ ಅಳಿಸಿಹೋಗುತ್ತದೆ. ಆ ಅಂತರಕ್ಕಾಗಿಯೇ ಸಮಿತಿ ತಿಂಗಳುಗಟ್ಟಲೆ ಕೂತು ಚರ್ಚಿಸಿರುತ್ತದೆ. ರಷ್ಯನ್ ಪದಗಳನ್ನು ಇಲ್ಲಿ ಉಚ್ಚಾರಕ್ಕೆ ಹತ್ತಿರವಾಗಿ ಬರೆದಿದ್ದೇನೆ. ಭಾಷೆ ಬಲ್ಲ ನಿಮಗೆ ಗುರುತು ಸಿಗುತ್ತದೆ.

ಮೊದಲ ವಾಕ್ಯ ಅನುವಾದಿಸುವ ಮುಂಚೆ ಮೂಲದ ‘ವಿಧಾನ’ದ ಅಧ್ಯಾಯ ಓದಿ, ಅವರು ಯಾವ ಶ್ರೇಣಿ ಬಳಸಿದ್ದಾರೆ ಅಂತ ನೋಡಿಕೊಳ್ಳಿ. ಸಾಮಾನ್ಯವಾಗಿ ಎದುರಾಗುವುದು ಮೂರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಇನ್ನೂ ಹಲವು ಸಂಸ್ಥೆಗಳು ಬಳಸುವ ‘ಗ್ರೇಡ್’ ಎಂಬ ಶ್ರೇಣಿಯಲ್ಲಿ ಬಲಕ್ಕೆ ಎರಡೇ ಮೆಟ್ಟಿಲು: ಬಲವಾದ ಶಿಫಾರಸು, ಷರತ್ತಿನ ಶಿಫಾರಸು. ಬಲವಾದದ್ದಕ್ಕೆ ಸಾಮಾನ್ಯವಾಗಿ ‘ವಿ ರೆಕಮೆಂಡ್’, ಷರತ್ತಿನದಕ್ಕೆ ‘ವಿ ಸಜೆಸ್ಟ್’. ಯುರೋಪಿಯನ್ ಹೃದ್ರೋಗ ಸಂಘದ ದಸ್ತಾವೇಜುಗಳಲ್ಲಿ ನಾಲ್ಕು ವರ್ಗ: 1, 2ಎ, 2ಬಿ, 3. ಪ್ರತಿಯೊಂದಕ್ಕೂ ಮಾತು ಮೊದಲೇ ನಿಗದಿ. ಬ್ರಿಟನ್ನಿನಲ್ಲಿ ಚಿಕಿತ್ಸಾ ಮಾರ್ಗಸೂಚಿ ಹೊರಡಿಸುವ ‘ನೈಸ್’ ಸಂಸ್ಥೆ ಬಲವನ್ನು ಕ್ರಿಯಾಪದದಲ್ಲೇ ಇಡುತ್ತದೆ: ಬಲವಾದದ್ದಕ್ಕೆ ‘ಆಫರ್’, ಸಡಿಲವಾದದ್ದಕ್ಕೆ ‘ಕನ್ಸಿಡರ್’.

ಇನ್ನು ಒಂದು ಪುಟದ ಪಟ್ಟಿ ಮಾಡಿಕೊಳ್ಳಿ: ಒಂದು ಇಂಗ್ಲಿಷ್ ರೂಪಕ್ಕೆ ಒಂದೇ ರಷ್ಯನ್ ರೂಪ. ಹೃದ್ರೋಗ ಸಂಘದ್ದಾದರೆ ನಾನು ಹೀಗೆ ಇಟ್ಟುಕೊಳ್ಳುತ್ತೇನೆ: ವರ್ಗ 1ಕ್ಕೆ ‘ರೆಕಮೆಂದುಯೆತ್ಸ’, 2ಎಗೆ ‘ಸ್ಲೇದುಯೆತ್ ರಸ್ಸ್ಮತ್ರೇತ್’ (‘ಪರಿಶೀಲಿಸಬೇಕು’), 2ಬಿಗೆ ‘ಮೋಝ್ನೊ ರಸ್ಸ್ಮತ್ರೇತ್’ (‘ಪರಿಶೀಲಿಸಬಹುದು’), 3ಕ್ಕೆ ‘ನೆ ರೆಕಮೆಂದುಯೆತ್ಸ’ (‘ಶಿಫಾರಸು ಮಾಡುವುದಿಲ್ಲ’). 2ಎ ಮತ್ತು 2ಬಿ ನಡುವಿನ ವ್ಯತ್ಯಾಸವೆಲ್ಲ ಆ ಒಂದೊಂದು ಪದದ ಮೇಲೆ ನಿಂತಿದೆ ನೋಡಿ. ಅದನ್ನು ಕೈಬಿಟ್ಟು ಎರಡಕ್ಕೂ ‘ಪರಿಶೀಲಿಸಬೇಕು’ ಎಂಬರ್ಥದ ಒಂದೇ ಮಾತು ಬರೆದರೆ ಎರಡು ವರ್ಗ ಒಂದಾಗಿಬಿಡುತ್ತವೆ. ಗ್ರೇಡ್‌ಗೆ ‘ರೆಕಮೆಂದುಯೆತ್’ ಮತ್ತು ‘ಪ್ರೆದ್ಲಗಾಯೆತ್’ (‘ಸಲಹೆ ಕೊಡುತ್ತದೆ’), ಎರಡಕ್ಕೂ ಕರ್ತೃ ತಜ್ಞರ ಗುಂಪೇ. ‘ಬಲವಾದ’ ಎನ್ನುವುದಕ್ಕೆ ‘ಸೀಲ್ನಯಾ’, ‘ನಸ್ತಯಾತೆಲ್ನಯಾ’ ಎರಡೂ ಚಾಲ್ತಿಯಲ್ಲಿವೆ. ಯಾವುದನ್ನು ಹಿಡಿದರೂ ಕೊನೆಯವರೆಗೆ ಅದನ್ನೇ ಹಿಡಿಯಿರಿ.

ಎಡವುವುದು ಹೆಚ್ಚಾಗಿ ಇಲ್ಲಿ: ನೈಸ್‌ನ ‘ಆಫರ್’ (ಬಲವಾದದ್ದು) ಮತ್ತು ಗ್ರೇಡ್‌ನ ‘ಸಜೆಸ್ಟ್’ (ಸಡಿಲವಾದದ್ದು) ಎರಡೂ ರಷ್ಯನ್ನಿನಲ್ಲಿ ಒಂದೇ ಧಾತುವಿಗೆ ಬಂದು ಬೀಳುತ್ತವೆ: ಪ್ರೆದ್ಲಝೀತ್, ಪ್ರೆದ್ಲಗಾತ್. ಎರಡೂ ಮೂಲಗಳಿಂದ ಉಲ್ಲೇಖಿಸುವ ಸಂಗ್ರಹವೊಂದು ನಿಮ್ಮ ಕೈಗೆ ಬಂದರೆ ಬಲವಾದದ್ದೂ ದುರ್ಬಲವಾದದ್ದೂ ಒಂದೇ ಮುಖ ಹೊತ್ತು ನಿಲ್ಲುತ್ತವೆ. ‘ಆಫರ್’ಗೆ ‘ಸ್ಲೇದುಯೆತ್ ಪ್ರೆದ್ಲಝೀತ್ ಪತ್ಸಿಯೇಂತು’ ಎಂದು ರೋಗಿಯನ್ನು ಚತುರ್ಥಿಯಲ್ಲಿ ಬರೆದು ಉಳಿಸಿಕೊಳ್ಳಿ. ಆಗ ಕೊಡುವವರು ಯಾರು, ಯಾರಿಗೆ ಎಂಬುದರಲ್ಲಿ ಗೊಂದಲವಿರುವುದಿಲ್ಲ. ಕೆಲವರು ಇಲ್ಲಿ ‘ನಜ್ನಾಚಿತ್’ ಅಂದರೆ ‘ಬರೆದುಕೊಡು’ ಎಂದು ಹಾಕುತ್ತಾರೆ. ಓದಲು ಸಲೀಸು, ಆದರೆ ರೋಗಿಗೆ ಬೇಡ ಎನ್ನುವ ಹಕ್ಕು ವಾಕ್ಯದಿಂದಲೇ ಹೊರಟುಹೋಗುತ್ತದೆ.

ಓದುಗರ ಕಡೆಯಿಂದಲೂ ಒಂದು ಅಡಚಣೆ ಇದೆ. ರಷ್ಯಾದ ಆರೋಗ್ಯ ಸಚಿವಾಲಯದ ಮಾರ್ಗಸೂಚಿಗಳಲ್ಲಿ ಬಲ ಎಷ್ಟೇ ಇರಲಿ, ವಾಕ್ಯ ಸಾಮಾನ್ಯವಾಗಿ ‘ರೆಕಮೆಂದುಯೆತ್ಸ’ ಎಂದೇ ಶುರುವಾಗುತ್ತದೆ. ಬಲವನ್ನು ಹೇಳುವುದು ಕೊನೆಯಲ್ಲಿರುವ ಸಂಕೇತ. 2019ರ ಫೆಬ್ರುವರಿ 28ರ 103ಎನ್ ಸಂಖ್ಯೆಯ ಆದೇಶದ ಪ್ರಕಾರ ಶಿಫಾರಸಿನ ಬಲಕ್ಕೆ ಎ, ಬಿ, ಸಿ. ಪುರಾವೆಯ ಮಟ್ಟಕ್ಕೆ 1ರಿಂದ 5. ಯುರೋಪಿನ ಹೃದ್ರೋಗ ಸಂಘದಲ್ಲಿ ಇದು ತಿರುವುಮುರುವು: ಬಲಕ್ಕೆ ಅಂಕಿ, ಪುರಾವೆಗೆ ಎ, ಬಿ, ಸಿ. ಅಂದರೆ ‘2ಬಿ, ಎ’ ಎಂದಿರುವ ಅಳುಕಿನ ಶಿಫಾರಸನ್ನು ರಷ್ಯಾದ ವೈದ್ಯರು ಓದಿದಾಗ ‘ಎ’ ಕಣ್ಣಿಗೆ ಬಿದ್ದು ‘ಅತ್ಯಂತ ಬಲವಾದದ್ದು’ ಎಂದುಕೊಳ್ಳುವ ಸಂಭವವಿದೆ. ಸಂಕೇತವನ್ನು ಅವರ ಪದ್ಧತಿಗೆ ‘ಪರಿವರ್ತಿಸಲು’ ಮಾತ್ರ ಹೋಗಬೇಡಿ. ಅದು ಅನುವಾದಕರ ಕೆಲಸವಲ್ಲ, ಎರಡು ಅಳತೆಗೋಲು ಒಂದಕ್ಕೊಂದು ಕೂಡುವುದೂ ಇಲ್ಲ. ಅಕ್ಷರದ ಪಕ್ಕ ಪೂರ್ತಿ ಪದ ಬರೆಯಿರಿ: ‘ವರ್ಗ 2ಬಿ, ಪುರಾವೆಯ ಮಟ್ಟ ಎ’. ಕೋಷ್ಟಕ ಉದ್ದವಾಗುತ್ತದೆ, ಆಗಲಿ.

‘ಶುಡ್’ ವಿಷಯ. ಯಂತ್ರಾನುವಾದ ಒಂದೇ ಕಡತದಲ್ಲಿ ಇದನ್ನು ಒಮ್ಮೆ ‘ಸ್ಲೇದುಯೆತ್’, ಒಮ್ಮೆ ‘ನೆಅಬ್ಖದೀಮೊ’, ಇನ್ನೊಮ್ಮೆ ‘ದಲ್ಝ್ನಿ’ ಮಾಡುತ್ತದೆ. ಮೊದಲನೆಯದು ಸಲಹೆ, ಎರಡನೆಯದು ಅನಿವಾರ್ಯ, ಮೂರನೆಯದು ಕಟ್ಟುಪಾಡು. ಕನ್ನಡಿಗರಿಗೆ ಇದು ಚಟ್ಟನೆ ಕಾಣುವುದಿಲ್ಲ, ಯಾಕೆಂದರೆ ನಮ್ಮ ‘ಮಾಡಬೇಕು’ ಮೂರನ್ನೂ ಹೊತ್ತುಕೊಳ್ಳುತ್ತದೆ. ‘ದಲ್ಝ್ನಿ’, ಅದರ ಏಕವಚನ ‘ದೋಲ್ಝೆನ್’, ಇವನ್ನು ‘ಮಸ್ಟ್’ ಮತ್ತು ‘ಶಲ್’ಗೆ ಮೀಸಲಿಡಿ. ಇನ್ನೊಂದು, ‘ಪೇಷೆಂಟ್ಸ್ ಶುಡ್ ರಿಸೀವ್’ ಎಂಬಲ್ಲಿ ‘ಪತ್ಸಿಯೇಂತಿ ದಲ್ಝ್ನಿ’ ಎಂದು ಬರೆದರೆ ಹೊಣೆ ರೋಗಿಯ ತಲೆಗೆ ಬರುತ್ತದೆ. ‘ಪತ್ಸಿಯೇಂತಮ್ ಸ್ಲೇದುಯೆತ್’ ಎಂದು ತಿರುಗಿಸಿ, ಮುಂದಿನ ಕ್ರಿಯಾಪದವನ್ನು ವೈದ್ಯರು ಮಾಡುವ ಕೆಲಸವಾಗಿ ಇಟ್ಟರೆ ಸರಿಹೋಗುತ್ತದೆ.

ನಿಷೇಧದ ವಾಕ್ಯಗಳನ್ನು ಅವಸರದಲ್ಲಿ ಮಾಡಬೇಡಿ. ಮೂಲ ಹೀಗಿದೆ ಎಂದುಕೊಳ್ಳಿ: 65 ವರ್ಷ ದಾಟಿದವರಲ್ಲಿ ಈ ಔಷಧ ಬಳಸದಿರುವಂತೆ ಗುಂಪು ಸಲಹೆ ಕೊಡುತ್ತದೆ, ಬೇರೆ ಔಷಧಗಳು ಫಲಿಸದಿದ್ದಾಗ ಹೊರತು. ಸರಿಯಾದದ್ದು ‘ಪ್ರೆದ್ಲಗಾಯೆತ್ ನೆ ಪ್ರಿಮೆನ್ಯಾತ್’. ಆ ‘ನೆ’ಯನ್ನು ಒಂದು ಪದ ಹಿಂದಕ್ಕೆ ಜರುಗಿಸಿ ‘ನೆ ಪ್ರೆದ್ಲಗಾಯೆತ್ ಪ್ರಿಮೆನ್ಯಾತ್’ ಎಂದರೆ ಗುಂಪು ಸಲಹೆಯನ್ನೇ ಕೊಟ್ಟಿಲ್ಲ ಎಂದಾಗುತ್ತದೆ. ‘ಅನ್‌ಲೆಸ್’ಗೆ ‘ಜ ಇಸ್ಕ್ಲುಚೇನಿಯೆಮ್ ಸ್ಲುಚಾಯೆಫ್, ಕಗ್ದಾ’ (‘ಇಂಥ ಸಂದರ್ಭಗಳ ಹೊರತು’) ಬಳಸಿ. ಉದ್ದ ಹೌದು, ಆದರೆ ‘ಯೆಸ್ಲಿ ನೆ’ (‘ಇಲ್ಲದಿದ್ದರೆ’) ಬಳಸಿದಲ್ಲಿ ನಕಾರಗಳು ಒಂದರ ಮೇಲೊಂದು ಪೇರಿಕೊಂಡು ಓದುಗ ಎಣಿಸುತ್ತಾ ಕೂರಬೇಕಾಗುತ್ತದೆ. ವಯಸ್ಸಿನಲ್ಲೂ ಹುಷಾರು: ‘ಸ್ತಾರ್ಶೆ 65 ಲೇತ್’ ಎಂದರೆ 65 ಸೇರಿಲ್ಲ. 65 ಸೇರಿದ್ದರೆ ‘65 ಲೇತ್ ಇ ಸ್ತಾರ್ಶೆ’.

ಅಂಕಿಗಳು ನಿಜಕ್ಕೂ ಪ್ರಾಣಕ್ಕೆ ಬರುವಂಥವು. ರಷ್ಯನ್ನಿನಲ್ಲಿ ಅಲ್ಪವಿರಾಮವೇ ದಶಮಾಂಶ ಚಿಹ್ನೆ. ಇಂಗ್ಲಿಷಿನ ‘1,500 ಮಿ.ಗ್ರಾಂ’ ಹಾಗೇ ಅಂಟಿಸಿದರೆ ಅಲ್ಲಿ ಅದು ಒಂದೂವರೆ ಮಿಲಿಗ್ರಾಂ. ಸಾವಿರದ ಅಲ್ಪವಿರಾಮ ತೆಗೆದು 1500 ಎಂದು ಬರೆಯಿರಿ, 0.5 ಇದ್ದದ್ದನ್ನು 0,5 ಮಾಡಿ. ಅಮೆರಿಕದ ಮೂಲವಾದರೆ ರಕ್ತದ ಸಕ್ಕರೆ, ಕೊಲೆಸ್ಟರಾಲ್ ಡೆಸಿಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿರುತ್ತವೆ, ರಷ್ಯಾದವರಿಗೆ ಲೀಟರಿಗೆ ಮಿಲಿಮೋಲ್ ಬೇಕು. ಸಕ್ಕರೆಯನ್ನು 18ರಿಂದ, ಕೊಲೆಸ್ಟರಾಲನ್ನು 38.67ರಿಂದ ಭಾಗಿಸಿ: ಸಕ್ಕರೆಯ 126 ಎಂಬುದು 7,0 ಆಗುತ್ತದೆ. ಮೂಲದ ಅಂಕಿಯನ್ನೂ ಆವರಣದಲ್ಲಿ ಉಳಿಸಿ. ಅಮೆರಿಕದ ‘ಅಸಿಟಮಿನೊಫೆನ್’ ಅಲ್ಲಿ ಪ್ಯಾರಾಸಿಟಮಾಲ್, ‘ಆಲ್ಬ್ಯುಟೆರಾಲ್’ ಸಾಲ್ಬ್ಯುಟಮಾಲ್.

ಕಿವಿಗೆ ಒಂದೇ ಥರ ಕೇಳುವ ಪದಗಳಲ್ಲಿ ‘ಕಂತ್ರೋಲ್’ ಮೇಲೆ ಕಣ್ಣಿಡಿ. ರಕ್ತದೊತ್ತಡದ ‘ಕಂಟ್ರೋಲ್’ ಎಂದರೆ ಇಂಗ್ಲಿಷಿನಲ್ಲಿ ಹತೋಟಿ. ರಷ್ಯನ್ನಿನಲ್ಲಿ ಬರೀ ಅಳೆದು ನೋಡುವುದೂ ಆಗಬಹುದು. ಗುರಿ ಮುಟ್ಟುವುದು ಎಂಬರ್ಥವಿದ್ದರೆ ಅದನ್ನೇ ಬಿಡಿಸಿ ಬರೆಯಿರಿ. ಅಡ್ಡಪರಿಣಾಮಗಳ ವಿಷಯದಲ್ಲಿ ‘ಸಿವಿಯರ್’ (ತೀವ್ರತೆ ಹೆಚ್ಚಿರುವುದು) ‘ತಿಝೋಲಿ’, ‘ಸೀರಿಯಸ್’ (ಪ್ರಾಣಾಪಾಯ, ಆಸ್ಪತ್ರೆ ಸೇರುವುದರಂಥ ಫಲ ಇರುವುದು) ‘ಸೆರ್ಯೋಜ್ನಿ’. ಅದಲುಬದಲು ಮಾಡುವಂತಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ಕಡತ ಸಂಪಾದಕರ ಕೈಗೆ ಹೋಗುತ್ತದೆ. ಒಂದೇ ಪುಟದಲ್ಲಿ ಆರು ಸಲ ‘ಸ್ಲೇದುಯೆತ್’ ಕಂಡರೆ ರಷ್ಯನ್ ಸಂಪಾದಕರಿಗೆ ಕೈ ತಡೆಯುವುದಿಲ್ಲ, ಪುನರುಕ್ತಿ ತಪ್ಪಿಸಲು ಎರಡನ್ನು ‘ನೆಅಬ್ಖದೀಮೊ’ ಮಾಡುತ್ತಾರೆ. ಮೊದಲೇ ಪಟ್ಟಿ ಕಳಿಸಿ, ‘ಈ ಪದಗಳನ್ನು ಮುಟ್ಟಬೇಡಿ’ ಎಂದು ಬರೆದುಬಿಡಿ. ವಾಪಸ್ ಬಂದಾಗ ಎರಡು ಕಾಲಮ್ಮಿನ ಕಡತ ತೆಗೆದು, ಇಂಗ್ಲಿಷ್ ಕಡೆ ‘ಶುಡ್ ಬಿ ಕನ್ಸಿಡರ್ಡ್’ ಎಂದು ಸೋಸಿ, ರಷ್ಯನ್ ಕಡೆ ಎಲ್ಲ ಸಾಲೂ ಒಂದೇ ಥರ ಇವೆಯೇ ನೋಡಿ. ಆಮೇಲೆ ರಷ್ಯನ್ ಕಡೆಯಿಂದ ಸೋಸಿ. ಎರಡೂ ದಿಕ್ಕಿನಿಂದ ಮಾಡದಿದ್ದರೆ ಅರ್ಧ ತಪ್ಪು ಉಳಿದುಕೊಳ್ಳುತ್ತದೆ. ಅನುವಾದದ ತಂತ್ರಾಂಶದ ಪದಪರೀಕ್ಷೆಯನ್ನೇ ನೆಚ್ಚಿಕೊಂಡರೆ ವಿಭಕ್ತಿ, ಕಾಲ ಬದಲಾದಾಗ ಸುಮ್ಮಸುಮ್ಮನೆ ದೋಷ ತೋರಿಸುತ್ತದೆ. ಇಡೀ ಪದದ ಬದಲು ಪ್ರತ್ಯಯ ಬಿಟ್ಟ ಮೂಲಭಾಗವನ್ನಷ್ಟೇ ಕೊಟ್ಟು ಹುಡುಕಿಸಿ.

ಕೊನೆಯ ಪರೀಕ್ಷೆಗೆ ಮೂಲ ನೋಡಿರದ ರಷ್ಯನ್ ವೈದ್ಯರೊಬ್ಬರು ಬೇಕು. ಸಂಕೇತಗಳನ್ನು ಅಳಿಸಿ ಇಪ್ಪತ್ತು ವಾಕ್ಯ ಕೊಡಿ, ಯಾವುದು ಯಾವ ಮೆಟ್ಟಿಲಿನದು ಎಂದು ಗುರುತು ಹಾಕಿಸಿ. ಅವರು ತಪ್ಪಿದಲ್ಲಿ ವಾದ ಮಾಡಬೇಡಿ, ವಾಕ್ಯ ತಿದ್ದಿ.

ದಸ್ತಾವೇಜು ವಿಶ್ವ ಆರೋಗ್ಯ ಸಂಸ್ಥೆಯದಾಗಿದ್ದರೆ ಹಕ್ಕುಪುಟ ಓದಿ. ಈಚಿನ ಬಹುತೇಕ ಪ್ರಕಟಣೆಗಳು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಲ್ಲಿವೆ, ವ್ಯಾಪಾರಕ್ಕಲ್ಲದೆ ಅನುವಾದಿಸಬಹುದು. ಆದರೆ ಇದು ಸಂಸ್ಥೆ ಮಾಡಿದ ಅನುವಾದವಲ್ಲ, ಇಂಗ್ಲಿಷ್ ಮೂಲವೇ ಅಧಿಕೃತ ಎಂಬ ಹೇಳಿಕೆ ಸೇರಿಸಲೇಬೇಕು, ಅವರ ಲಾಂಛನ ಬಳಸುವಂತಿಲ್ಲ.