ಮೊದಲು ಬ್ರೇಕು, ಅಶ್ವಶಕ್ತಿ ಆಮೇಲೆ

ಓದುಗರೊಬ್ಬರ ಪತ್ರದ ಸಾರಾಂಶ: ಅವರ ಬಳಿ ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇರುವ, ಎರಡು ಸೀಟಿನ ಪುಟ್ಟ ಸ್ಪೋರ್ಟ್ಸ್ ಕಾರಿದೆ. ಇಸಿಯು ರೀಮ್ಯಾಪ್ ಮಾಡಿಸಿ (ಎಂಜಿನ್ ನಿಯಂತ್ರಿಸುವ ಕಂಪ್ಯೂಟರಿನ ಲೆಕ್ಕ ಬದಲಿಸಿ), ದೊಡ್ಡ ಟರ್ಬೊ ಕೂರಿಸಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ತೆಗೆಸಿ, ಈಗಿರುವ ಶಕ್ತಿಗೆ ಇನ್ನರ್ಧ ಸೇರಿಸಿ ರೇಸ್ ಟ್ರ್ಯಾಕ್‌ಗೆ ಇಳಿಯುವ ಆಸೆ. ಗೆಳೆಯರೊಬ್ಬರು ‘ಮೊದಲು ಟೈರು, ಬ್ರೇಕು ನೋಡಿಕೋ’ ಅಂದರಂತೆ. ‘ಬ್ರೇಕ್ ಬದಲಿಸಿದರೆ ಕಾರು ವೇಗವಾಗಿ ಓಡುತ್ತದೆಯೇ? ನೀವಾದರೂ ಅವನಿಗೆ ಬುದ್ಧಿ ಹೇಳಿ’ ಎಂದು ಕೇಳಿದ್ದಾರೆ.

ಉತ್ತರ: ಓಡುತ್ತದೆ ಸ್ವಾಮಿ, ಖಂಡಿತ ಓಡುತ್ತದೆ. ತಿರುವಿಗೆ ಇನ್ನೂ ಹತ್ತು ಮೀಟರ್ ಹತ್ತಿರ ಹೋಗಿ ಬ್ರೇಕ್ ಒತ್ತುವ ಧೈರ್ಯ ಬಂದರೆ, ಪ್ರತಿ ತಿರುವಿನಲ್ಲೂ ಅಷ್ಟು ಸಮಯ ಉಳಿಯಿತು. ವೇಗ ಎರಡರಷ್ಟಾದರೆ ಬ್ರೇಕು ಅರಗಿಸಬೇಕಾದ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ಎಂಜಿನ್ನಿಗೆ ಶಕ್ತಿ ತುಂಬಿ ಬ್ರೇಕನ್ನು ಹಾಗೇ ಬಿಟ್ಟವರು ಈ ಲೆಕ್ಕ ಹಾಕಿರುವುದಿಲ್ಲ. ನಿಮ್ಮ ಗೆಳೆಯರು ಹಾಕಿದ್ದಾರೆ. ಅಂಥವರು ಜೊತೆಗಿರುವುದು ನಿಮ್ಮ ಪುಣ್ಯ.

ಶಕ್ತಿಯೇ ಬೇಡವೆಂದು ನಾನು ಹೇಳುವುದಿಲ್ಲ. ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿದಾಗ ಬೆನ್ನು ಸೀಟಿಗೆ ಒತ್ತಿಕೊಳ್ಳುವ ಸುಖ ನನಗೂ ಗೊತ್ತು. 1993ರ ಟೊಯೋಟಾ ಸುಪ್ರಾದ 2ಜೆಝಡ್ ಎಂಜಿನ್, ಎರಕದ ಕಬ್ಬಿಣದ ಬ್ಲಾಕ್ ಇರುವುದರಿಂದ, ಮೂಲ ಶಕ್ತಿಯ ದುಪ್ಪಟ್ಟನ್ನೂ ತಾಳಿಕೊಳ್ಳುತ್ತದೆ ಎಂಬುದು ಸುಳ್ಳಲ್ಲ. ಆದರೆ ಎಲ್ಲ ಎಂಜಿನ್ನಿಗೂ ಆ ಗಟ್ಟಿತನ ಬರುವುದೆಲ್ಲಿಂದ?

ಎಂಜಿನ್ ಮಾರ್ಪಾಡು ಹೇಗಿರಬೇಕು ಎಂದು ಯಾರಾದರೂ ಕೇಳಿದರೆ ನಾನು 1961ರ ಮಿನಿ ಕೂಪರ್ ತೋರಿಸುತ್ತೇನೆ. ಅಲೆಕ್ ಇಸಿಗೊನಿಸ್ ರೂಪಿಸಿದ ಮೂಲ ಮಿನಿಯದು 848 ಸಿಸಿ ಎಂಜಿನ್, 34 ಅಶ್ವಶಕ್ತಿ. ಅದಕ್ಕೆ ಕೈಹಾಕಿದವರು ಜಾನ್ ಕೂಪರ್. 1959 ಮತ್ತು 1960ರಲ್ಲಿ ಫಾರ್ಮುಲಾ ಒನ್ ಪ್ರಶಸ್ತಿ ಗೆದ್ದ ಕಾರುಗಳನ್ನು ಕಟ್ಟಿದವರು. ಶಕ್ತಿಯ ಮೋಹ ಅವರಿಗೇನು ಕಡಿಮೆ ಇರಲಿಲ್ಲ. ಸ್ಟ್ರೋಕ್ (ಸಿಲಿಂಡರಿನೊಳಗೆ ಪಿಸ್ಟನ್ ಚಲಿಸುವ ದೂರ) ಉದ್ದ ಮಾಡಿ ಎಂಜಿನ್ನನ್ನು 997 ಸಿಸಿಗೆ ಏರಿಸಿ, ಅವಳಿ ಕಾರ್ಬ್ಯುರೇಟರ್ ಇಟ್ಟು 55 ಅಶ್ವಶಕ್ತಿ ತೆಗೆದರು. ಜೊತೆಜೊತೆಗೇ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಹಾಕಿಸಿದರು. ಶಕ್ತಿ ಈ ವರ್ಷ, ಬ್ರೇಕ್ ಮುಂದಿನ ವರ್ಷ ಅನ್ನಲಿಲ್ಲ. 1964ರ ಮಾಂಟೆ ಕಾರ್ಲೊ ರ‍್ಯಾಲಿಯಲ್ಲಿ ಪ್ಯಾಡಿ ಹಾಪ್‌ಕರ್ಕ್ 1071 ಸಿಸಿಯ ಕೂಪರ್ ಎಸ್ ಓಡಿಸಿ 4.7 ಲೀಟರ್ ವಿ8 ಫೋರ್ಡ್ ಫಾಲ್ಕನ್ ಅನ್ನು ಹಿಂದಿಕ್ಕಿದರು. ಆಗಿನ ಅಂಕ ಪದ್ಧತಿ ಸಣ್ಣ ಎಂಜಿನ್ನಿಗೆ ಅನುಕೂಲವಾಗಿತ್ತು ಎಂದು ತಕರಾರು ತೆಗೆಯುವವರಿದ್ದಾರೆ. ಅನುಕೂಲವಾಗಿತ್ತು, ಒಪ್ಪೋಣ. ಆದರೂ ನಾಲ್ಕು ಪಟ್ಟು ದೊಡ್ಡ ಎಂಜಿನ್ನಿನ ಬೆನ್ನು ಬಿಡದೆ ಹೋಗಬೇಕಾದರೆ ಆ ಪುಟ್ಟ ಕಾರು ತಿರುವುಗಳಲ್ಲಿ ಎಷ್ಟು ದುಡಿದಿರಬೇಕು! 1965 ಮತ್ತು 1967ರಲ್ಲೂ ಅಲ್ಲಿ ಗೆದ್ದದ್ದು ಮಿನಿಯೇ.

ಇನ್ನು ನಿಮ್ಮ ರೀಮ್ಯಾಪ್. ಬೂಸ್ಟ್ ಹೆಚ್ಚಿಸಿದಾಗ ಸಿಲಿಂಡರಿನೊಳಗಿನ ಒತ್ತಡ, ಬಿಸಿ ಎರಡೂ ಏರುತ್ತವೆ. ಅದು ಅತಿಯಾದರೆ, ಕಿಡಿಯಿಂದ ಹೊರಟ ಜ್ವಾಲೆ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಇಂಧನ ತಾನಾಗಿ ಸಿಡಿಯುತ್ತದೆ. ಇದೇ ನಾಕಿಂಗ್. ಪಿಸ್ಟನ್ನಿನಲ್ಲಿ ರಿಂಗ್‌ಗಳ ನಡುವಿನ ಅಂಚು ಮುರಿಯುವುದು ಹೀಗೆ. ರೀಮ್ಯಾಪ್ ಮಾಡಿಸಿದ ಕಾರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಬೆಳಕಿಗೆ ಹಿಡಿದು ನೋಡಿದ್ದೀರಾ? ತುದಿಯ ಪಿಂಗಾಣಿ ತಿಳಿ ಕಂದು ಬಣ್ಣಕ್ಕಿದ್ದರೆ ಸಮಾಧಾನ. ಸುಣ್ಣ ಬಳಿದ ಹಾಗೆ ಬಿಳುಚಿಕೊಂಡು, ಅದರ ಮೇಲೆ ಸೂಜಿಮೊನೆಯಷ್ಟು ಸಣ್ಣ ಹೊಳೆಯುವ ಕಣಗಳು ಕಂಡರೆ ಅದು ಪಿಸ್ಟನ್ನಿನಿಂದ ಕರಗಿ ಬಂದ ಅಲ್ಯೂಮಿನಿಯಂ. ಲ್ಯಾಪ್‌ಟಾಪಿನ ಗ್ರಾಫ್ ಎಷ್ಟೇ ಚೆನ್ನಾಗಿರಲಿ, ನಾನು ನಂಬುವುದು ಆ ಪ್ಲಗ್ಗನ್ನು.

ನನ್ನ ಪರಿಚಯದವರೊಬ್ಬರು ರೀಮ್ಯಾಪ್ ಮುಗಿಸಿದ ಕಾರನ್ನು ಸೀದಾ ಟ್ರ್ಯಾಕ್‌ಗೆ ತಂದಿದ್ದರು. ನಾನು ಪಕ್ಕದಲ್ಲಿ ಕೂತಿದ್ದೆ. ನೇರ ದಾರಿಯಲ್ಲಿ ಕಾರು ಅದ್ಭುತವಾಗಿ ಓಡಿತು. ಕೆಲವೇ ಸುತ್ತು ಕಳೆದಿರಬೇಕು, ಬ್ರೇಕ್ ಪೆಡಲ್ ಮೆತ್ತಗಾಗಿ ಕೆಳಕ್ಕೆ ಇಳಿದುಹೋಯಿತು. ಕಾರಣ, ಹಳೆಯ ಬ್ರೇಕ್ ಆಯಿಲ್. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿಕೊಂಡ ಆಯಿಲ್‌ಗೆ ಆ ಮಿತಿ ಬರೀ 155. ಆಯಿಲ್ ಕುದಿದರೆ ಆವಿಯ ಗುಳ್ಳೆ ಏಳುತ್ತದೆ, ಕಾಲಿನ ಒತ್ತಡವೆಲ್ಲ ಆ ಗುಳ್ಳೆ ಅದುಮುವುದಕ್ಕೇ ಖರ್ಚು. ಟ್ರ್ಯಾಕ್‌ನಾಚೆ ಜಲ್ಲಿ ಹಾಸಿದ ಜಾಗ ಇತ್ತು, ಬಚಾವಾದೆವು.

ನಿಮ್ಮೊಬ್ಬರನ್ನೇ ದೂರಿ ಫಲವಿಲ್ಲ, ಕಾರು ಕಂಪನಿಗಳೇ ಈ ಅಂಕಿಯ ಹುಚ್ಚು ಹಿಡಿಸಿವೆ. 1985ರ ಬಿಎಂಡಬ್ಲ್ಯು ಎಂ5 ಸುಮಾರು 1430 ಕೆ.ಜಿ. ತೂಗುತ್ತಿತ್ತು, 286 ಅಶ್ವಶಕ್ತಿ ಇತ್ತು. 2024ರ ಹೈಬ್ರಿಡ್ ಎಂ5ನಲ್ಲಿ 727 ಅಶ್ವಶಕ್ತಿ ಇದೆ, ತೂಕ 2400 ಕೆ.ಜಿ. ದಾಟಿದೆ. ಸೇರಿಸಿದ ಶಕ್ತಿಯಲ್ಲಿ ಹೆಚ್ಚುಕಡಿಮೆ ಅರ್ಧ ಸೇರಿಸಿದ ತೂಕವನ್ನು ಹೊರುವುದರಲ್ಲೇ ಹೋಗುತ್ತದೆ. 1996ರ ಲೋಟಸ್ ಎಲೀಸ್‌ನಲ್ಲಿ ಇದ್ದದ್ದು 118 ಅಶ್ವಶಕ್ತಿ, ತೂಕ 725 ಕೆ.ಜಿ. ಆಸುಪಾಸು. ಅದನ್ನು ಓಡಿಸಿದವರು ಯಾರೂ ಶಕ್ತಿ ಸಾಲದೆಂದು ನನ್ನ ಬಳಿ ಗೋಳಾಡಿಲ್ಲ. ಇನ್ನೊಂದು ಸಂಕಟ: ಈಗಿನ ಎಷ್ಟೋ ಕಾರುಗಳಲ್ಲಿ ಎಂಜಿನ್ ಆಯಿಲ್ ನೋಡುವ ಡಿಪ್‌ಸ್ಟಿಕ್ ಕೂಡ ಇಲ್ಲ. ಬಾನೆಟ್ ತೆರೆದರೆ ಕಾಣುವುದು ಪ್ಲಾಸ್ಟಿಕ್ ಮುಚ್ಚಳ. ಆಯಿಲನ್ನು ಬೆರಳಿಗೆ ಹಚ್ಚಿ ನೋಡುವ ಅಭ್ಯಾಸವನ್ನೇ ಕಿತ್ತುಕೊಂಡ ಮೇಲೆ ಕಾರು ಪ್ರೇಮಿಗಳಿಗೆ ಅಂಕಿಯೊಂದೇ ಗತಿಯಾಗದೆ ಇನ್ನೇನು?

ಕನ್ವರ್ಟರ್ ವಿಷಯಕ್ಕೆ ಮಾತ್ರ ನಿಮ್ಮ ಮೇಲೆ ನಿಜಕ್ಕೂ ಕೋಪ ಬಂತು. ಕಾರ್ಬನ್ ಮೊನಾಕ್ಸೈಡನ್ನು, ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸುವ ಭಾಗ ಅದು. ನಾಲ್ಕೈದು ಅಶ್ವಶಕ್ತಿಯ ಆಸೆಗೆ ಅದನ್ನು ಕಿತ್ತರೆ ಹಿಂದೆ ಬರುವವರು ಆ ಹೊಗೆ ಕುಡಿಯಬೇಕು.

ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ದೆಂದು ನೀವು ಬರೆದಿಲ್ಲ. ಮೊದಲು ಅದನ್ನು ಬದಲಿಸಿ. ಟ್ರ್ಯಾಕ್‌ಗೆ ತಕ್ಕ ಪ್ಯಾಡು, ಒಳ್ಳೆಯ ಟೈರು ಹಾಕಿಸಿ, ನಿಮ್ಮ ಗೆಳೆಯರನ್ನೂ ಕೂರಿಸಿಕೊಂಡು ಒಂದು ವರ್ಷ ಓಡಿಸಿ. ಆಗಲೂ ಶಕ್ತಿ ಸಾಲದೆನಿಸಿದರೆ ಬರೆಯಿರಿ, ರೀಮ್ಯಾಪ್ ಬಗ್ಗೆ ಮಾತಾಡೋಣ. ಪತ್ರದ ಜೊತೆ ನಾಲ್ಕೂ ಪ್ಲಗ್ಗುಗಳ ಫೋಟೋ ಇರಲಿ.