ಮೇಲಿನ ಸ್ವರ ಕೀಚಲಾಗುವುದಕ್ಕೆ

ತೀರಾ ಮೇಲಿನ ಡಿ, ಇ ಸ್ವರಗಳಲ್ಲಿ ನಾಲಿಗೆ ತಾಗಿಸಿದ ಕೂಡಲೇ ಕ್ಲಾರಿನೆಟ್ ಕೀಚಲಾಗುತ್ತೆ ಅಂದಿರಲ್ಲ, ನನಗೂ ಬಹಳ ದಿನ ಹಾಗೇ ಆಗುತ್ತಿತ್ತು. ನಾಲಿಗೆಯ ತುದಿ ರೀಡ್ (ಬಾಯಿಗಿಡುವ ಕಡೆ ಕಂಪಿಸಿ ಸ್ವರ ಹೊರಡಿಸುವ ತೆಳು ಪಟ್ಟಿ) ಮುಟ್ಟುವಾಗ ಅದರ ಹಿಂಭಾಗವೂ ಕೆಳಗೆ ಬೀಳುತ್ತದೆ, ಹೆಚ್ಚಾಗಿ ಅದೇ ಕಾರಣ. ‘ಈ’ ಅನ್ನುವಾಗ ನಾಲಿಗೆಯ ಅಂಚು ಮೇಲಿನ ದವಡೆ ಹಲ್ಲಿಗೆ ತಾಗುತ್ತೆ ಅಲ್ವಾ? ನುಡಿಸುವಾಗಲೂ ಅಲ್ಲೇ ಇರಲಿ.

ಮೊದಲು ನಾಲಿಗೆ ಬೇಡ. ಸ್ವರಲಿಪಿಯ ಐದು ಗೆರೆಗಳಲ್ಲಿ ತೀರಾ ಮೇಲಿನ, ಅಂದರೆ ಐದನೇ ಗೆರೆಯ ಎಫ್ ನುಡಿಸುತ್ತಾ ಎಡಗೈ ತೋರುಬೆರಳು ಎತ್ತಿ, ಬಲಗೈ ಕಿರುಬೆರಳಿನಿಂದ ಇ ಫ್ಲ್ಯಾಟ್ ಕೀ ಒತ್ತಿ. ಡಿ ಬರುತ್ತದೆ. ಅದು ಗಟ್ಟಿಯಾಗಿ ನಿಂತ ಮೇಲೆ, ಉಸಿರು ನಿಲ್ಲಿಸದೆ, ರೀಡ್ ತುದಿಯನ್ನು ಸುಮ್ನೆ ಸವರಿ. ‘ತೀ’ ಅಲ್ಲ, ‘ದೀ’ ಅನ್ನುವ ಹಾಗೆ. ಮೆಟ್ರೊನೋಮ್ (ಲಯ ಹಿಡಿಯಲು ಟಿಕ್ ಟಿಕ್ ಅನ್ನುವ ಸಾಧನ) ನಿಮಿಷಕ್ಕೆ 60 ಸಾಕು, ಅವಸರ ಬೇಡವೇ ಬೇಡ.

ರೀಡ್ ಜಾಸ್ತಿ ಮೆತ್ತಗಿದ್ದರೆ ಗಡಸುತನದ ನಂಬರಿನಲ್ಲಿ ಅರ್ಧ ಹೆಚ್ಚಿರುವ ಗಟ್ಟಿಯದು ಹಾಕಿ ನೋಡಿ.