ಹೊಟ್ಟೆಯಲ್ಲಿ ದೀಪ ಇಟ್ಟುಕೊಂಡ ಶಾರ್ಕ್

ಮಗಳು ಬಿ.ಎಸ್ಸಿ. ಓದುತ್ತಿದ್ದಾಳೆ. ಅವಳ ಪ್ರಾಕ್ಟಿಕಲ್ ಪುಸ್ತಕದಲ್ಲಿ ಸ್ಕೋಲಿಯೋಡಾನ್ ಎಂಬ ಶಾರ್ಕನ್ನು ಡಾಗ್‌ಫಿಶ್ ಅಂತ ಕರೆದಿದ್ದಾರೆ. ಮೊನ್ನೆ ಟಿವಿಯಲ್ಲಿ ಕತ್ತಲಲ್ಲಿ ಹೊಳೆಯುವ ಲ್ಯಾಂಟರ್ನ್ ಶಾರ್ಕ್ ತೋರಿಸಿ, ಅದೂ ಡಾಗ್‌ಫಿಶ್ ಅಂದರು. ಎರಡೂ ಒಂದೇ ಕುಟುಂಬವೇ?
– ಓದುಗರು, ವಿಜಯನಗರ

ಅಲ್ಲ. ಹೆಸರು ಒಂದೇ, ಮನೆತನ ಬೇರೆ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ಬೆರಳಿಗೆ ಚುಚ್ಚಿಸಿಕೊಂಡು.

ಬೆಂಗಳೂರಿನ ಒಂದು ಕಾಲೇಜಿನಲ್ಲಿ 30 ವರ್ಷ ಪ್ರಾಣಿಶಾಸ್ತ್ರ ಪಾಠ ಮಾಡಿದವಳು ನಾನು. ನಮ್ಮ ಲ್ಯಾಬಿನ ಬೀರುವಿನಲ್ಲಿ ಒಂದು ಗಾಜಿನ ಜಾಡಿ ಇತ್ತು. ಮೇಲೆ ಹಳದಿಗಟ್ಟಿದ ಚೀಟಿ: ಸ್ಕೋಲಿಯೋಡಾನ್. ಎಷ್ಟೋ ಬ್ಯಾಚಿನ ಮಕ್ಕಳು ಅದನ್ನು ನೋಡಿ ಚಿತ್ರ ಬರೆದಿದ್ದರು. ಒಂದು ಬೇಸಿಗೆ ರಜೆಯಲ್ಲಿ ಫಾರ್ಮಲಿನ್ ಬದಲಿಸೋಣ ಅಂತ ಮೀನನ್ನು ಹೊರಗೆ ತೆಗೆದೆ. ಬೆನ್ನು ಹಿಡಿದದ್ದೇ ತಡ, ಗ್ಲೌಸ್ ತೂರಿ ಹೆಬ್ಬೆರಳಿಗೆ ಏನೋ ಚುಚ್ಚಿತು. ನೋಡಿದರೆ ಬೆನ್ನಿನ ರೆಕ್ಕೆಯ ಮುಂದೆ ಒಂದು ಮುಳ್ಳು. ಹಿಂದಿನ ರೆಕ್ಕೆಯ ಮುಂದೆ ಇನ್ನೊಂದು. ಸ್ಕೋಲಿಯೋಡಾನ್‌ಗೆ ಮುಳ್ಳೇ ಇಲ್ಲ! ಮೀನನ್ನು ತಿರುಗಿಸಿ ಟ್ರೇನಲ್ಲಿ ಇಟ್ಟೆ. ಬಾಲದ ಬುಡದ ಹತ್ತಿರ, ಹೊಟ್ಟೆಯ ಕಡೆ ಇರಬೇಕಾದ ಗುದ ರೆಕ್ಕೆಯೂ ಇರಲಿಲ್ಲ. ಆ ಜಾಗ ನುಣ್ಣಗಿತ್ತು. ಅದು ಸ್ಕ್ವಾಲಸ್ ಎಂಬ ಬೇರೆ ಶಾರ್ಕ್. ಅವತ್ತೇ ಹೊಸ ಚೀಟಿ ಬರೆದು ಅಂಟಿಸಿದೆ.

ನಿಮ್ಮ ಮಗಳಿಗೆ ಇಷ್ಟು ಹೇಳಿ. ಗುದ ರೆಕ್ಕೆ ಇಲ್ಲದ ಈ ಶಾರ್ಕುಗಳ ಗಣಕ್ಕೆ ಸ್ಕ್ವಾಲಿಫಾರ್ಮೀಸ್ ಅಂತ ಹೆಸರು. ಆ ಗಣದಲ್ಲಿ ಹಲವು ಕುಟುಂಬಗಳಿವೆ. ನನ್ನ ಜಾಡಿಯ ಸ್ಕ್ವಾಲಸ್ ಒಂದು ಕುಟುಂಬ. ನೀವು ಟಿವಿಯಲ್ಲಿ ನೋಡಿದ್ದು ಅದರ ದಾಯಾದಿ, ಎಟ್ಮಾಪ್ಟೆರಿಡೇ ಕುಟುಂಬ. ನಾನು ಕ್ಲಾಸಿನಲ್ಲಿ ಲಾಂದ್ರ ಶಾರ್ಕ್ ಅನ್ನುತ್ತಿದ್ದೆ. ಇದರಲ್ಲಿ ಸುಮಾರು 50 ಪ್ರಭೇದಗಳು. ಅವುಗಳಲ್ಲಿ ಜಾಸ್ತಿ ಪಾಲು ಎಟ್ಮಾಪ್ಟೆರಸ್ ಎಂಬ ಒಂದೇ ಕುಲದ್ದು. ಬೆನ್ನಿನಲ್ಲಿ ಎರಡು ಮುಳ್ಳು ಇವಕ್ಕೂ ಇವೆ, ಸಾಮಾನ್ಯವಾಗಿ ಹಿಂದಿನದೇ ದೊಡ್ಡದು. ಸ್ಕೋಲಿಯೋಡಾನ್ ಬೇರೆಯೇ ಗಣದ್ದು, ಹುಲಿ ಶಾರ್ಕ್ ಸೇರಿದ ಗಣ. ಅದು ದಡದ ಹತ್ತಿರದ ಮೀನು. ಬಲೆಗೆ ಸುಲಭವಾಗಿ ಬೀಳುತ್ತದೆ, ಅದಕ್ಕೇ ನಮ್ಮ ಲ್ಯಾಬುಗಳಿಗೆ ಬಂತು.

ನಾನು ಎಂಟನೇ ಕ್ಲಾಸ್. ಹೊಟ್ಟೆ ಹೊಳೆದರೆ ದೊಡ್ಡ ಮೀನಿಗೆ ಸುಲಭವಾಗಿ ಕಾಣಲ್ವಾ? ಹಾಗಾದರೆ ದೀಪ ಯಾಕೆ?
– ಓದುಗ, ಯಲಹಂಕ

ಪುಟ್ಟಾ, ಒಳ್ಳೆ ಪ್ರಶ್ನೆ. ಈಗಲೇ ಟ್ಯೂಬ್‌ಲೈಟ್ ಕೆಳಗೆ ನಿಂತು ಕೈಯನ್ನು ತಲೆಯ ಮೇಲೆ ಚಾಚು. ಕೆಳಗಿನಿಂದ ನೋಡು. ಕೈ ಕಪ್ಪಗೆ ಕಾಣುತ್ತೆ, ಅಲ್ವಾ? ಸಮುದ್ರದಲ್ಲೂ ಹೀಗೇ. ಕೆಳಗಿರುವ ಬೇಟೆಗಾರ ಮೀನು ಮೇಲೆ ನೋಡಿದಾಗ, ಮಂದ ಬೆಳಕಿನ ಎದುರು ಶಾರ್ಕಿನ ನೆರಳು ಕಾಣುತ್ತೆ. ಈಗ ನಿನ್ನ ಕೈಯ ಅಡಿ ಕೂಡ ಟ್ಯೂಬ್‌ಲೈಟಿನಷ್ಟೇ ಬೆಳಗಿದರೆ? ಕೈ ಮಾಯ. ಲಾಂದ್ರ ಶಾರ್ಕ್ ಮಾಡುವುದು ಅದನ್ನೇ. ಮೇಲಿನಿಂದ ಬರುವಷ್ಟೇ ಮಂದವಾದ ನೀಲಿ ಬೆಳಕನ್ನು ಹೊಟ್ಟೆಯಿಂದ ಬಿಟ್ಟು ತನ್ನ ನೆರಳನ್ನು ಅಳಿಸಿಕೊಳ್ಳುತ್ತದೆ.

ಈ ದೀಪಗಳು ಸಾಸಿವೆಗಿಂತ ಎಷ್ಟೋ ಚಿಕ್ಕವು, ಹೊಟ್ಟೆ ತುಂಬ ಸಾವಿರಾರು ಇರುತ್ತವೆ. ಹಚ್ಚಿ ಆರಿಸುವ ಬಗೆ ನನಗೆ ತುಂಬ ಇಷ್ಟ. ಬೆಳಕು ಬೀರುವ ಬೇರೆ ಎಷ್ಟೋ ಮೀನುಗಳಲ್ಲಿ ನರಗಳು ಆ ಕೆಲಸ ಮಾಡುತ್ತವೆ. ಇಲ್ಲಿ ಹಾರ್ಮೋನು ಮಾಡುತ್ತದೆ. 2009ರಲ್ಲಿ ಬೆಲ್ಜಿಯಂನ ವಿಜ್ಞಾನಿಗಳು ಯುರೋಪಿನ ಲಾಂದ್ರ ಶಾರ್ಕಿನಲ್ಲಿ ಇದನ್ನು ತೋರಿಸಿಕೊಟ್ಟರು. ದೀಪ ಹಚ್ಚುವ ಹಾರ್ಮೋನುಗಳಲ್ಲಿ ಒಂದು ಮೆಲಟೋನಿನ್. ರಾತ್ರಿ ಕತ್ತಲಾದಾಗ ನಿನ್ನ ಮೈಯಲ್ಲೂ ಅದೇ ಹಾರ್ಮೋನು ಏರುತ್ತೆ.

ಇನ್ನೊಂದು ಹೇಳಲೇಬೇಕು. 2015ರಲ್ಲಿ ಮಧ್ಯ ಅಮೆರಿಕದ ಪೆಸಿಫಿಕ್ ಕಡೆಯ ಒಂದು ಕರಿ ಲಾಂದ್ರ ಶಾರ್ಕಿಗೆ ಹೆಸರು ಇಟ್ಟರು. ಅದರ ಆಡುಹೆಸರು ನಿಂಜಾ ಲ್ಯಾಂಟರ್ನ್ ಶಾರ್ಕ್. ನಿಂಜಾ ಅನ್ನುವುದನ್ನು ಸೂಚಿಸಿದ್ದು ವಿಜ್ಞಾನಿಯೊಬ್ಬರ ಕಸಿನ್‌ಗಳು, ನಿನ್ನ ವಯಸ್ಸಿನ ಆಸುಪಾಸಿನ ಮಕ್ಕಳು.

ಇವು ನಮ್ಮ ಅರಬ್ಬಿ ಸಮುದ್ರದಲ್ಲಿ ಇವೆಯೇ? ಎಷ್ಟು ದೊಡ್ಡವು?
– ಓದುಗರು, ಜಯನಗರ

ಇವೆ. ಸೆಂಟ್ರೋಸಿಲಿಯಮ್ ಆರ್ನೇಟಮ್ ಎಂಬುದು ಇದೇ ಕುಟುಂಬದ್ದು. ಅರಬ್ಬಿ ಸಮುದ್ರದಲ್ಲೂ ಬಂಗಾಳ ಕೊಲ್ಲಿಯಲ್ಲೂ ಇದೆ. 1889ರಲ್ಲಿ ಇದನ್ನು ವಿವರಿಸಿದವರು ಆಲ್ಫ್ರೆಡ್ ಆಲ್ಕಾಕ್, ಇನ್ವೆಸ್ಟಿಗೇಟರ್ ಎಂಬ ಸಮೀಕ್ಷೆ ಹಡಗಿನಲ್ಲಿದ್ದ ವೈದ್ಯರು.

ಆದರೆ ಮಂಗಳೂರಿನ ದಡದಲ್ಲಿ ನಿಂತರೆ ಸಿಗುವ ಮೀನಲ್ಲ ಇದು. ಅಲ್ಲಿ ಸಮುದ್ರದ ತಳ ಬಹುದೂರ ನಿಧಾನವಾಗಿ ಇಳಿಯುತ್ತದೆ, ಆಮೇಲೆ ಒಮ್ಮೆಲೇ ಜಾರುತ್ತದೆ. ಈ ಕುಟುಂಬದ ಊರು ಆ ಜಾರು ಇಳಿಜಾರು. ನಮ್ಮ ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಸಮುದ್ರದೊಳಗೆ ಅಷ್ಟೇ ಕೆಳಗೆ ಇಳಿದರೆ ಆರ್ನೇಟಮ್‌ನ ಮನೆ.

ಗಾತ್ರ ಹೇಳಿದರೆ ಎಲ್ಲರೂ ಬೆರಗಾಗುತ್ತಾರೆ. ಕೊಲಂಬಿಯಾ, ವೆನೆಜುವೆಲಾ ತೀರದ ಕುಬ್ಜ ಲಾಂದ್ರ ಶಾರ್ಕ್ ದೊಡ್ಡದಾದರೂ ಸುಮಾರು 20 ಸೆಂಟಿಮೀಟರ್. ಮಕ್ಕಳ ಅಡಿ ಸ್ಕೇಲ್ ಮೇಲೆ ಮಲಗಿಸಿದರೆ ಇನ್ನೂ ಜಾಗ ಉಳಿಯುತ್ತದೆ.

ಮುಖಕ್ಕೆ ಹಚ್ಚುವ ಕ್ರೀಮಿನಲ್ಲಿ ಸ್ಕ್ವಾಲೇನ್ ಎಂದಿದೆ. ಅದು ಶಾರ್ಕಿನ ಎಣ್ಣೆಯೇ?
– ಓದುಗರು, ಬನಶಂಕರಿ

ಇರಬಹುದು. ಶಾರ್ಕಿಗೆ ಗಾಳಿಚೀಲ ಇಲ್ಲ, ಮುಳುಗದಿರಲು ಎಣ್ಣೆ ತುಂಬಿದ ದೊಡ್ಡ ಪಿತ್ತಜನಕಾಂಗವೇ ಆಸರೆ. ಆ ಎಣ್ಣೆಗಾಗಿ ಲಾಂದ್ರ ಶಾರ್ಕಿನ ದಾಯಾದಿಗಳಾದ ಗಲ್ಪರ್ ಶಾರ್ಕುಗಳನ್ನು ಹಿಡಿಯುತ್ತಾರೆ. ಅವು ಒಮ್ಮೆಗೆ ಹಾಕುವುದು ಕೆಲವೇ ಮರಿ. ಮಾಲ್ಡೀವ್ಸ್‌ನಲ್ಲಿ 1980ರ ದಶಕದಲ್ಲಿ ಈ ಬೇಟೆ ಜೋರಾಗಿತ್ತು, ಆಮೇಲೆ ಮೀನೇ ಸಿಗದಂತಾಯಿತು. 2010ರಲ್ಲಿ ಆ ದೇಶ ಶಾರ್ಕ್ ಬೇಟೆಯನ್ನೇ ನಿಲ್ಲಿಸಿತು. ಸ್ಕ್ವಾಲೇನನ್ನು ಆಲಿವ್‌ನಿಂದಲೂ ಕಬ್ಬಿನಿಂದಲೂ ತಯಾರಿಸುತ್ತಾರೆ. ಡಬ್ಬಿ ತಿರುಗಿಸಿ, ಸಸ್ಯಮೂಲ ಅಂತ ಬರೆದದ್ದನ್ನೇ ಕೊಳ್ಳಿ. ಬರೆದಿಲ್ಲದಿದ್ದರೆ ಅಂಗಡಿಯವರನ್ನು ಕೇಳಿ. ನಾನು ಹಾಗೇ ಮಾಡುತ್ತೇನೆ.